ನಲವತ್ತೆರಡು ಫ್ಯಾಟಿನ ರಕ್ತ

ಫೆಬ್ರುವರಿ ೩, ೨೦೨೫

ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಕಡೆಯ ದನದ ಸಂತೆಗಳಲ್ಲಿ ಮೂವತ್ತಾರು ವರ್ಷ ದಲಾಲಿ ಮಾಡಿ ಒಂದೇ ಒಂದು ಪೈಸೆಯನ್ನೂ ಕಳೆದುಕೊಳ್ಳದ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ. ನಾನು ಸಂತೆಯೊಳಗೆ ಕಾಲಿಟ್ಟರೆ ಎತ್ತುಗಳು ತಾವಾಗಿಯೇ ಬಾಯಿ ತೆರೆದು ಹಲ್ಲು ತೋರಿಸುತ್ತವೆ.

ಇಷ್ಟನ್ನು ಎಡಗೈಯಲ್ಲಿ ಬರೆಯಲು ಒಂದು ತಾಸು ಹಿಡಿಯಿತು. ಸಾಕು.

ಫೆಬ್ರುವರಿ ೪

ಬಲಗೈಯ ಸಾಲು ಮೇಲೆ ಇದೆ. ಇರುವೆಯೊಂದು ಶಾಯಿಯಲ್ಲಿ ಬಿದ್ದು, ಎದ್ದು, ಕುಂಟುತ್ತ ಮನೆಗೆ ಹೋದ ಹಾಗಿದೆ. ಉಳಿದದ್ದು ಎಡಗೈಯದು.

ಫೆಬ್ರುವರಿ ೬

ಸಂಕ್ರಾಂತಿಯ ಮರುದಿನ ನನಗೆ ಲಕ್ವಾ ಹೊಡೆಯಿತು. ಹೊಡೆಯಿತು ಅನ್ನುವುದು ತಪ್ಪು. ಅದು ಬಂತು, ನಾನು ಎದುರು ನಿಂತೆ, ಬಲಗೈ ಬಲಗಾಲು ತೆಗೆದುಕೊಂಡು ಓಡಿಹೋಯಿತು. ಬಾಯಿಯನ್ನೂ ಒಯ್ದಿತ್ತು, ಮೂರು ದಿನಕ್ಕೆ ವಾಪಸು ಕೊಟ್ಟಿತು. ಮನೆಯವಳು ಸಿದ್ದಲಿಂಗವ್ವ ಹೇಳುತ್ತಾಳೆ, "ಅದನ್ನ ಇಟಗೊಂಡು ಕೈ ಕೊಟ್ಟಿದ್ರ ಚಲೋ ಇತ್ತು."

ರೋಣದ ದವಾಖಾನೆಯಲ್ಲಿ ಕೈಕಾಲಿಗೆ ಕಸರತ್ತು ಮಾಡಿಸುವ ಹುಡುಗಿ ಇದ್ದಾಳೆ, ನಾಹೀದ. ನರಗುಂದದಿಂದ ದಿನಾ ಬಸ್ಸಿಗೆ ಬರುತ್ತಾಳೆ. ಈ ನೋಟುಬುಕ್ಕು ಅವಳೇ ಕೊಟ್ಟದ್ದು. "ದಿನಾ ಬರೀರಿ ಕಾಕಾ. ಮೊದಲ ಬಲಗೈಲೆ ಒಂದ ಸಾಲು. ಆಮ್ಯಾಲೆ ಎಡಗೈಲೆ ಏನ್ ಬೇಕಾದ್ದು ಬರ್ಕೊಳ್ರಿ. ನಾ ಓದಂಗಿಲ್ಲ."

ಓದುವುದಿಲ್ಲವಂತೆ. ಓದಿದರೆ ಅವಳಿಗೇ ಲಾಭ.

ಫೆಬ್ರುವರಿ ೧೦

ಇವತ್ತು ರಕ್ತದ ಫಲಿತಾಂಶ ಬಂತು. ಮನೆಗೆ ಬಂದ ಮೇಲೂ ನಗು ಮುಖದಿಂದ ಇಳಿಯಲಿಲ್ಲ, ಎಡಭಾಗದ ನಗು.

ವಿಷಯ ಹೀಗೆ. ದೊಡ್ಡ ಡಾಕ್ಟರೊಬ್ಬರು ಲಕ್ವಾದವರ ಮೇಲೆ ಏನೋ ಸಂಶೋಧನೆ ನಡೆಸಿದ್ದಾರೆ. ಹದಿನೈದು ದಿನಕ್ಕೊಮ್ಮೆ ನಮ್ಮ ರಕ್ತ ತೆಗೆದು ಅದರಲ್ಲಿ ಒಂದು ಅಂಕಿ ನೋಡುತ್ತಾರೆ. ಅದಕ್ಕೆ ಸಿಆರ್‌ಪಿ ಎಂದು ಹೆಸರು. ಅದೇ ದಿನ ಒಂದು ಹಲಗೆ ಕೊಡುತ್ತಾರೆ. ಅದರಲ್ಲಿ ಒಂಬತ್ತು ತೂತು, ಪಕ್ಕದಲ್ಲಿ ಒಂಬತ್ತು ಸಣ್ಣ ಗೂಟ. ಬಲಗೈಯಿಂದ ಗೂಟಗಳನ್ನು ತೂತಿಗೆ ಹಾಕಬೇಕು, ಅವರು ಗಡಿಯಾರ ಹಿಡಿದು ನೋಡುತ್ತಾರೆ. ಜೀವಮಾನವೆಲ್ಲ ದನ ಕಟ್ಟುವ ಗೂಟ ಹೊಡೆದವನಿಗೆ ಆಟಿಕೆಯ ಗೂಟ! ನಾನು ಒಂದನ್ನೂ ಹಾಕಲಿಲ್ಲ. ಮನಸ್ಸು ಮಾಡಲಿಲ್ಲ ಅಷ್ಟೇ.

ಆದರೆ ರಕ್ತ! ನನ್ನದು ನಲವತ್ತೆರಡು. ಪಕ್ಕದ ಕುರ್ಚಿಯ ಫಕ್ಕೀರಪ್ಪನದು ಒಂಬತ್ತು. ಅವನು ಗಜೇಂದ್ರಗಡದ ನೇಕಾರ. ಅವನಿಗೆ ಹೋದದ್ದು ಕಾಲು. ಕುಣಿಯೊಳಗೆ ಕೂತು ಮಗ್ಗದ ತುಳಿಹಲಗೆ ತುಳಿಯುವ ಕಾಲೇ ಹೋದರೆ ಸೀರೆ ಎಲ್ಲಿಂದ ಬರಬೇಕು? ಪಾಪ, ಒಂಬತ್ತಂತೆ. ಒಂದು ಒಳ್ಳೆಯ ಎಮ್ಮೆಗಿಂತ ಸ್ವಲ್ಪ ಮೇಲು, ಅಷ್ಟೇ.

ಹಾಲಿನ ಫ್ಯಾಟು ಗೊತ್ತಿದ್ದವನಿಗೆ ರಕ್ತದ ಅಂಕಿ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರು ಯಾವಗಲ್ಲಿನ ಡೈರಿಯಲ್ಲಿ ಉತ್ತಮ ಎಮ್ಮೆಯ ಹಾಲೂ ಏಳು ದಾಟುವುದಿಲ್ಲ. ನನ್ನ ರಕ್ತ ನಲವತ್ತೆರಡು!

ಫೆಬ್ರುವರಿ ೧೧

ಊರಿಗೆಲ್ಲ ಹೇಳಿದೆ.

ಫೆಬ್ರುವರಿ ೧೭

ಕೈ ಬಗ್ಗೆ ಬರೆದಿಡುತ್ತೇನೆ. ನನ್ನದು ಬಾಯಿಯ ದಲಾಲಿಯಲ್ಲ, ಬೆರಳಿನ ದಲಾಲಿ. ಬಾಯಲ್ಲಿ ದರ ಹೇಳುವವರು ಕಾಯಿಪಲ್ಲೆ ಮಾರುತ್ತಾರೆ. ಎತ್ತಿನ ಜೋಡಿಗೆ ಟವೆಲ್ ಬೇಕು. ಮೊದಲು ಒಂದು ಬೆರಳಿನ ಲೆಕ್ಕ ಯಾವುದೆಂದು ಬಾಯಲ್ಲಿ ಹೇಳಬೇಕು: ನೂರರದೋ, ಸಾವಿರದ್ದೋ, ಇನ್ನೂ ಮೇಲೋ. ಆಮೇಲೆ ಮಾತು ಬಂದ್. ಕೈಗಳ ಮೇಲೆ ಟವೆಲ್ ಮುಚ್ಚಿ ಎದುರಿನವನ ಅಂಗೈಗೆ ಎಷ್ಟು ಬೆರಳು ಒತ್ತುತ್ತೇನೋ ಅಷ್ಟು ದರ. ಸುತ್ತ ನಿಂತ ನೂರು ಮಂದಿಗೆ ಏನೂ ತಿಳಿಯುವುದಿಲ್ಲ. ಎದುರಿನವನು "ಆತು" ಅಂದು ದರ ಕೂಗಿದನೋ, ಮುಗಿಯಿತು. ಬ್ರಹ್ಮ ಬಂದರೂ ಬದಲಿಲ್ಲ. ಬಾಯಿ ಸುಳ್ಳು ಹೇಳಬಹುದು, ನಾನೇ ಹೇಳಿದ್ದೇನೆ. ಟವೆಲ್ಲಿನ ಕೆಳಗೆ ಇವತ್ತಿನವರೆಗೆ ಯಾರೂ ಸುಳ್ಳು ಹೇಳಿಲ್ಲ.

ಗಜೇಂದ್ರಗಡದ ಸಂತೆಯಲ್ಲಿ ಬೇವಿನ ಮರದ ಬುಡದ ಕಟ್ಟೆ ನನ್ನದು. ಅಲ್ಲಿ ಈಗ ಸಂಗನಬಸವ ಕೂಡುತ್ತಾನಂತೆ. ಅವನಿಗೆ ಟವೆಲ್ ಹಿಡಿಯಲು ಕಲಿಸಿದವನು ನಾನು. "ಗುರುಗಳು ಬರೂತನಾ ಕಾಯ್ತೀನಿ" ಎಂದು ಎಲ್ಲರ ಮುಂದೆ ಹೇಳುತ್ತಾನಂತೆ. ಹದ್ದು ಕೂಡ ಹಾಗೇ ಹೇಳುತ್ತದೆ.

ಬೆರಳು ಬರದ ದಲಾಲಿಯನ್ನು ಸಂತೆಯಲ್ಲಿ ಏನಂತಾರೆ? ಏನೂ ಅನ್ನುವುದಿಲ್ಲ. ಕರೆಯುವುದೇ ಇಲ್ಲ.

ಫೆಬ್ರುವರಿ ೨೪

ಹದಿನೆಂಟು.

ನಲವತ್ತೆರಡಿದ್ದದ್ದು ಹದಿನೆಂಟು. ನಾಹೀದ ನಗುತ್ತ ಹೇಳಿದಳು. ಬೇರೆಯವರ ನಷ್ಟಕ್ಕೆ ನಗುವ ಹುಡುಗಿ ಎಂದು ತಿಳಿದಿರಲಿಲ್ಲ. ಫಕ್ಕೀರಪ್ಪ ಇನ್ನೂ ಇಳಿದಿದ್ದಾನೆ, ಐದಕ್ಕೆ. ಅವನ ಮುಖ ನೋಡಲಾಗಲಿಲ್ಲ. ಕುರ್ಚಿಯಲ್ಲಿ ಕೂತು ನೆಲವನ್ನೇ ತುಳಿಹಲಗೆ ಮಾಡಿಕೊಂಡು ಟಕ್ ಟಕ್ ತುಳಿಯುತ್ತಿದ್ದ. ದುಃಖಕ್ಕೆ ಕಾಲು ಅಲ್ಲಾಡುತ್ತಿದೆ ಎಂದುಕೊಂಡೆ.

ಗೂಟ ಎರಡು ಹಾಕಿದೆ. ಯಾರಿಗೆ ಬೇಕು ಗೂಟ?

ಮಾರ್ಚ್ ೨

ರಕ್ತ ಏರಿಸುವ ಉಪಾಯ ಶುರು. ಎಮ್ಮೆಗೆ ಹಿಂಡಿ ಹಾಕಿದರೆ ಫ್ಯಾಟ್ ಏರುತ್ತದೆ. ಮನುಷ್ಯನಿಗೆ ಶೇಂಗಾ ಉಂಡಿ, ತುಪ್ಪ, ಹೋಳಿಗೆ. ಸಿದ್ದಲಿಂಗವ್ವನ ಕಣ್ಣು ತಪ್ಪಿಸಿ ದಿನಕ್ಕೆ ನಾಲ್ಕು ಉಂಡಿ. ಉಂಡಿಯ ಡಬ್ಬಿ ಮೇಲಿನ ಗೂಡಿನಲ್ಲಿದೆ, ಮುಚ್ಚಳ ಭಾರೀ ಬಿಗಿ. ಎಡಗೈಯಿಂದ ಡಬ್ಬಿ ಎದೆಗೆ ಅವುಚಿಕೊಂಡು ತಿರುವಿ ತಿರುವಿ ತೆಗೆಯಬೇಕು. ಮೊದಲ ದಿನ ಅರ್ಧ ತಾಸು ಬೇಕಾಯಿತು, ಇವತ್ತು ಒಂದು ನಿಮಿಷ. ಕಳ್ಳತನ ಕೂಡ ರೂಢಿಯ ಮೇಲೇ ಬರುತ್ತದೆ.

ನಡು ಮನೆಯಲ್ಲಿ ಸಿಕ್ಕಿಬಿದ್ದೆ.

"ಏನ್ರಿ ಅದು ಬಾಯಾಗ?"

"ಗುಳಿಗಿ."

"ಗುಳಿಗಿಗೆ ಬೆಲ್ಲದ ವಾಸನಿ ಯಾಕ ಬರ್ತೈತಿ? ನಿಮಗ ಲಕ್ವಾ ಹೊಡದೈತೋ ಹೊಟ್ಟಿಬಾಕತನ ಹೊಡದೈತೋ?"

ರಕ್ತದ ಮರ್ಮ ಹೆಂಗಸರಿಗೆ ತಿಳಿಯುವುದಿಲ್ಲ.

ಮಾರ್ಚ್ ೧೦

ಆರು. ನಾನು ಆರು.

ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಕಂಡಕ್ಟರ್, "ಯಾಕ್ರಿ ಅಂದಾನಪ್ಪಾರ, ಮತ್ತ ಬಾಯಿ ಹೋತೇನ?" ಎಂದು ಕೇಳಿದ.

ಮಾರ್ಚ್ ೧೩

ಇವತ್ತು ಕಸರತ್ತು ಮಾಡಲಿಲ್ಲ. ಗೋಡೆ ನೋಡುತ್ತ ಕೂತೆ. ನಾಹೀದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು.

"ಏನಾತು ಕಾಕಾ?"

"ಏನ್ ಆಗೂದೈತಿ ತಂಗಿ. ನಲವತ್ತೆರಡಿದ್ದಾಂವ ಆರಕ್ಕ ಬಂದೆ. ಇನ್ನ ಹದಿನೈದು ದಿನಕ್ಕ ನೀರು. ಹಾಲಾಗಿದ್ರ ಯಾರೂ ಕೊಳ್ಳತಿದ್ದಿಲ್ಲ."

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಓಡಣಿ ಬಾಯಿಗೆ ಒತ್ತಿಕೊಂಡು ಐದು ನಿಮಿಷ ಆಚೆ ಹೋಗಿ ಬಂದಳು. ಬಂದಾಗ ಕಣ್ಣು ಒದ್ದೆ.

"ಕಾಕಾ, ಇದು ಹಾಲಲ್ಲ. ಬೆಂಕಿ ಐತಲ್ಲ, ಮೈಯಾಗ ಏನರ ಪೆಟ್ಟಾದಾಗ ಒಳಗ ಹೊತ್ಕೊಳ್ಳೋದು, ಅದರ ಅಂಕಿ ಇದು. ನಲವತ್ತೆರಡು ಅಂದ್ರ ಮನಿ ಹೊತ್ತಿತ್ತು. ಆರು ಅಂದ್ರ ಒಲಿಯಷ್ಟ ಉಳದೈತಿ. ಇಳದ್ರ ಚಲೋ."

"ಹಂಗಾದ್ರ ಫಕ್ಕೀರಪ್ಪ?"

"ಫಕ್ಕೀರಪ್ಪ ಕಾಕಾ ಹೋದ ವಾರದಿಂದ ಮಗ್ಗದ ಕುಣಿಯಾಗ ಇಳದಾರ. ದಿನಕ್ಕ ಒಂದ ಗೇಣು ನೇಯ್ತಾರ."

ಒಂದು ತಿಂಗಳಿಂದ ಯಾವಗಲ್ಲಿನ ಕಟ್ಟೆಯ ಮೇಲೆ ಕೂತು, ನನ್ನ ಮನೆಗೆ ಬೆಂಕಿ ಬಿದ್ದಿದೆ, ಊರಿನಲ್ಲೆಲ್ಲ ನನ್ನದೇ ದೊಡ್ಡ ಬೆಂಕಿ ಎಂದು ಹೇಳಿಕೊಂಡ ಹಾಗಾಯಿತು. ಇರಲಿ. ಊರಿನವರಿಗೂ ಅರ್ಥ ಆಗಿಲ್ಲ, ಎಲ್ಲರೂ ಭೇಷ್ ಅಂದಿದ್ದರು.

ಹೋಗುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಆದ್ರ ಅಂಕಿ ನೆಚ್ಕೊಂಡು ಕೂಡಬ್ಯಾಡ್ರಿ. ರಕ್ತ ದಾರಿ ಬಿಡತೈತಿ ಅಷ್ಟ. ನಡೀಬೇಕಾದದ್ದು ಬೆರಳು." ಈ ಮಾತು ಅಷ್ಟು ಮುಖ್ಯ ಅನ್ನಿಸಲಿಲ್ಲ.

ಮಾರ್ಚ್ ೨೪

ಮೂರು! ಫಕ್ಕೀರಪ್ಪನನ್ನು ಸೋಲಿಸಿದೆ, ಅವನದು ನಾಲ್ಕು. ಇಡೀ ದವಾಖಾನೆಯಲ್ಲಿ ನನಗಿಂತ ಕಡಿಮೆ ಯಾರೂ ಇಲ್ಲ. ಇಳಿಯಬೇಕು ಅಂದರೆ ನಾನು ಇಳಿಯುವುದೂ ಹೀಗೇ.

ಎಂಟು ಗೂಟ ಹಾಕಿದೆ. ಒಂಬತ್ತನೆಯದು ಬಿತ್ತು. ನಾಹೀದ ನನ್ನ ಬೆರಳುಗಳನ್ನು ಒಂದೊಂದಾಗಿ ತನ್ನ ಅಂಗೈಗೆ ಒತ್ತಿಸಿಕೊಂಡಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು ಬಂದವು. "ಕಿರಿಬೆರಳು ಇನ್ನಾ ಮಲಗೇತ್ರಿ ಕಾಕಾ. ಒತ್ತಿದಂಗ ನಿಮಗ ಅನಸತೈತಿ, ನನ್ನ ಅಂಗೈಗೆ ಗೊತ್ತಾಗವಲ್ದು. ದಿನಾ ನೂರು ಸಲ ಒತ್ರಿ."

ಕಿರುಬೆರಳು ಇರುವುದು ಕಿವಿ ಕೆರೆಯಲಿಕ್ಕೆ. ಅದಕ್ಕೆ ಎಡಗೈಯದು ಇದೆ. ರಕ್ತ ಮೂರಕ್ಕೆ ಬಂದವನಿಗೆ ಬೆರಳಿನ ಲೆಕ್ಕ ಹೇಳುತ್ತಾಳೆ.

ನೋಟುಬುಕ್ಕಿನ ಮೊದಲ ಹಾಳೆಯನ್ನೂ ಈಚಿನ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದುಕೊಂಡಳು. ಓದುವುದಿಲ್ಲ ಅಂದಿದ್ದಳು. "ಎಷ್ಟ ಚಂದ ಬರದೀರಿ" ಅಂದಳು. ಅಕ್ಷರ ಮೊದಲಿಂದಲೂ ನನ್ನದು ಮುತ್ತು. ಸಾಲಿ ಮಾಸ್ತರರು ಏಳನೇ ಇಯತ್ತೆಯಲ್ಲಿ ನನ್ನ ಪಾಟಿಯನ್ನು ಮೂರು ದಿನ ಅಳಿಸಿರಲಿಲ್ಲ.

ಮಾರ್ಚ್ ೩೦

ಯುಗಾದಿ. ಸಿದ್ದಲಿಂಗವ್ವ ಬೇವು ಹೆಚ್ಚು, ಬೆಲ್ಲ ಕಡಿಮೆ ಹಾಕಿದಳು. ಉಂಡಿಯ ಸೇಡು. ಎಡಗೈಯಲ್ಲಿ ಬಟ್ಟಲು ಹಿಡಿದು ನೆಕ್ಕುತ್ತ ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ ೪

ಬೆಳವಣಕಿಯಿಂದ ಚೌಡವ್ವ ಬಂದಿದ್ದಳು. ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಹೇಳಿದ್ದಾಳೆ, ಎತ್ತಿನ ಜೋಡಿ ಮಾರಬೇಕು. ಆ ಜೋಡಿಯನ್ನು ಆರು ವರ್ಷದ ಹಿಂದೆ ಅವಳಿಗೆ ಕೊಡಿಸಿದವನು ನಾನೇ.

"ಸಂಗನಬಸವ ಮನೀತನಾ ಬಂದಿದ್ದ ಅಣ್ಣಾ. ನಾ ಒಲ್ಲೆ ಅಂದೆ. ಅಂದಾನಪ್ಪಣ್ಣನ ಕೈಯಾಗ ಆದ್ರ ಕೊಡ್ತೀನಿ, ಇಲ್ಲಾಂದ್ರ ಅವು ನನ್ನ ಮನ್ಯಾಗ ಸಾಯ್ಲಿ ಅಂದೆ. ಕೈ ಹ್ಯಾಂಗೈತಿ ನಿಂದು?"

"ಚೌಡವ್ವ, ನನ್ನ ರಕ್ತ ಮೂರಕ್ಕ ಬಂದೈತಿ."

"ಅಯ್ಯ, ಅಷ್ಟ ಉಳದೈತಾ?" ಎಂದು ಗಾಬರಿಯಾದಳು.

ಅವಳಿಗೂ ವಿವರಿಸಬೇಕಾಯಿತು. ಕಿವಿಯಲ್ಲಿ ತನಗೆ ಬೇಕಾದ ದರ ಹೇಳಿ ಹೋದಳು. ಲಕ್ಷದ ಮೇಲೆ ಐದು ಬೆರಳು. ಬೆರಳಿಗೆ ಎಷ್ಟು ಎಂದು ಬರೆಯುವುದಿಲ್ಲ. ದಲಾಲಿಯ ಪುಸ್ತಕದಲ್ಲಿ ಪರರ ದರ ಇರಬಾರದು.

ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ನಾಹೀದನ್ನ ಒಂದ ಮಾತು ಕೇಳಿ ಹೋಗ್ರಿ." ದನ ಮಾರಲಿಕ್ಕೆ ಆ ಹುಡುಗಿಯನ್ನು ಕೇಳಬೇಕಂತೆ!

ಏಪ್ರಿಲ್ ೮

ಸಂತೆ ಭರ್ಜರಿ ಆಯಿತು. ಎತ್ತು ಹೋದವು. ಎಲ್ಲರೂ ನನ್ನನ್ನು ನೋಡಿ ಎದ್ದು ನಿಂತರು. ಸಂಗನಬಸವ ಕಟ್ಟೆ ಬಿಟ್ಟುಕೊಟ್ಟ. ಖರ್ಚು: ಬಸ್ಸು, ಚಹಾ, ಮಿರ್ಚಿ ಸೇರಿ ನೂರಾ ಇಪ್ಪತ್ತು. ಬೇರೆ ಏನೂ ಕಳೆದಿಲ್ಲ.

ದಣಿವಾಗಿದೆ.

ಏಪ್ರಿಲ್ ೯

ಬೇರೆ ಏನೂ ಅಂದರೆ, ಒಂದು ಐನೂರು ಹೋಗಿರಬಹುದು. ಸಂತೆ ಅಂದ ಮೇಲೆ ಹೋಗುತ್ತದೆ.

ಏಪ್ರಿಲ್ ೧೧

ಸಾವಿರ. ಜಾಸ್ತಿ ಅಂದರೆ ಎರಡು.

ಏಪ್ರಿಲ್ ೧೨

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ಕೊಳ್ಳುವವನ ಕಡೆಯಿಂದ ಸಂಗನಬಸವ ಬಂದ. ಜೋಡಿಯ ಸುತ್ತ ಎರಡು ಸುತ್ತು ಬಂದ, ಬಾಲ ಎತ್ತಿ ನೋಡಿದ, ಗೊರಸು ನೋಡಿದ, ನಾನು ಕಲಿಸಿದ ಹಾಗೇ. ಚೌಡವ್ವ ಎತ್ತಿನ ಕೊರಳಿನ ಮೇಲೆ ಕೈ ಇಟ್ಟು ನಿಂತಿದ್ದಳು. ಲೆಕ್ಕ ಬಾಯಲ್ಲಿ ಹೇಳಿ ಆಯಿತು. ನನ್ನ ಹೆಗಲಿನ ಟವೆಲ್ ತೆಗೆದು ಕೈಗಳ ಮೇಲೆ ಮುಚ್ಚಿದೆ. ಮೂರು ತಿಂಗಳಾದ ಮೇಲೆ ಮತ್ತೆ ಟವೆಲ್ಲಿನ ಆ ಕತ್ತಲೆ, ಆ ಬಿಸುಪು. ಸುತ್ತ ಜನ. ನಾನು ಅವನ ಅಂಗೈಗೆ ಐದೂ ಬೆರಳು ಒತ್ತಿದೆ. ಬಸವಣ್ಣನ ಆಣೆ, ಐದು ಒತ್ತಿದೆ.

"ಆತು!" ಅಂದ ಸಂಗನಬಸವ. ನನಗೇ ಆಶ್ಚರ್ಯ. ಚೌಕಾಸಿ ಮಾಡದೆ ಯಾರು ಆತು ಅನ್ನುತ್ತಾರೆ? ಟವೆಲ್ ತೆಗೆದ. ಕೂಗಿ ಹೇಳಿದ: "ಲಕ್ಷದ ಮ್ಯಾಲ ನಾಕು ಬೆರಳು!"

ನಾಲ್ಕು.

ಅವನ ಮುಖ ನೋಡಿದೆ. ಮೋಸ ಇರಲಿಲ್ಲ. ಅವನಿಗೆ ಹತ್ತಿದ್ದು ನಾಲ್ಕೇ. ಮೆಲ್ಲಗೆ ಕೇಳಿದ, "ಗುರುಗಳ, ಇಷ್ಟ ಕಡಿಮಿ ಯಾಕ್ರಿ?"

ಆಗ ಒಂದೇ ಮಾತು ಹೇಳಿದ್ದರೆ ಸಾಕಿತ್ತು. "ನನ್ನ ಕಿರುಬೆರಳು ಸತ್ತಿದೆಯಪ್ಪಾ, ಐದು ಅಂತ ತಿಳಿ." ಹೇಳಿದ್ದರೆ ಅವನು ಮರುಮಾತಿಲ್ಲದೆ ಐದು ಕೊಡಿಸುತ್ತಿದ್ದ. ಮತ್ತು ಆ ದಿನದಿಂದ ಯಾರೂ ನನ್ನ ಟವೆಲ್ಲಿನ ಕೆಳಗೆ ಕೈ ಇಡುತ್ತಿರಲಿಲ್ಲ. ಸುತ್ತ ನೂರು ಮಂದಿ ನನ್ನನ್ನೇ ನೋಡುತ್ತಿದ್ದರು.

"ಹೌದು, ನಾಕು" ಅಂದೆ. "ಚೌಡವ್ವನ ಎತ್ತು ಚಲೋ ಮನೀಗೆ ಹೋಗ್ಲಿ ಅಂತ."

ಚೌಡವ್ವನಿಗೆ ಹಣ ಎಣಿಸುವ ಮೊದಲು ಮರದ ಆಚೆ ಹೋಗಿ, ನನ್ನ ಸಂಚಿಯಿಂದ ಐದನೆಯ ಬೆರಳಿನ ಹಣ ತೆಗೆದು ನೋಟಿನ ಕಟ್ಟಿಗೆ ಸೇರಿಸಿದೆ. ಸಂತೆಯಲ್ಲಿ ಒಂದು ಕರು ಹಿಡಿಯಬೇಕೆಂದು ಮಾಡಿಕೊಂಡಿದ್ದ ಹಣ. "ಕೂಗಿದ್ದು ನಾಕು, ಕೊಟ್ಟದ್ದು ಐದು. ಮಂದಿಗೆ ಗೊತ್ತಾಗಬಾರದು ಅಂತ ಹಂಗ ಕೂಗಸ್ತೀವಿ" ಎಂದು ಸುಳ್ಳು ಹೇಳಿದೆ. ಅವಳು ನಂಬಿದಳು. ನನ್ನ ಬಾಯಿಗೆ ಏನೂ ಆಗಿಲ್ಲ.

ಏಪ್ರಿಲ್ ೧೫

ಕೆಲಸವಿಲ್ಲ. ಕಟ್ಟೆಯ ಕಲ್ಲಿಗೆ ಕಿರುಬೆರಳನ್ನು ಒತ್ತಿ ಒತ್ತಿ ಅದಕ್ಕೆ ಬೈಯುತ್ತ ಕೂತಿದ್ದೆ. ಕಸರತ್ತಿಗಲ್ಲ, ಸಿಟ್ಟಿಗೆ. "ಹರಾಮಖೋರ, ಅನ್ನ ಎಲ್ಲಾರ ಜೋಡಿ ಉಣ್ಣೂದು, ದುಡಿಯೂ ಹೊತ್ತಿನಾಗ ಮಲಗೂದು." ನೂರು ಬೈಗುಳಕ್ಕೆ ನೂರು ಸಲ.

ಏಪ್ರಿಲ್ ೧೭

ಇನ್ನೂರು ಬೈದೆ.

ಏಪ್ರಿಲ್ ೨೧

ರಕ್ತ ಎರಡೂವರೆ. ಯಾರಿಗೂ ಹೇಳಲಿಲ್ಲ. ನಾಹೀದಳಿಗೆ ಕೈ ತೋರಿಸದೆ ಬಸ್ಸಿಗೆ ಅವಸರ ಎಂದು ಎದ್ದು ಬಂದೆ.

ಏಪ್ರಿಲ್ ೨೭

ಮಧ್ಯಾಹ್ನ ಚೌಡವ್ವ ಬಂದು ಹೋದಳು. ಮನೆಯಲ್ಲಿ ನಾನಿರಲಿಲ್ಲ. ಸಿದ್ದಲಿಂಗವ್ವನಿಗೆ ಹೋಳಿಗೆ ಕೊಟ್ಟು, "ಅಣ್ಣ ಐದೂ ಬೆರಳು ಕೊಡಸ್ಯಾನ ನೋಡವ್ವ" ಎಂದಳಂತೆ. ಸಂತೆಯಿಂದ ಬಂದವರೆಲ್ಲ ನಾಲ್ಕು ಎಂದು ಹೇಳಿದ್ದನ್ನು ಸಿದ್ದಲಿಂಗವ್ವ ಮೊದಲೇ ಕೇಳಿದ್ದಳು. ಅವಳು ಸಾಲಿ ಕಲಿತಿಲ್ಲ, ಕಳೆಯುವುದು ಮಾತ್ರ ಬರುತ್ತದೆ.

ಸಂಜೆ ನಾನು ಹೊರಗಿನ ಕಟ್ಟೆಯ ಮೇಲೆ ಇದೇ ಪುಸ್ತಕ ಹಿಡಿದು ಬರೆಯುತ್ತಿದ್ದೆ. ಬಂದು ಎದುರಿಗೆ ಕೂತಳು.

"ಒಂದ ಬೆರಳಿಗೆ ಎಷ್ಟು?"

"ಎರಡ ನೂರು."

"ಬಾಯಿಲೆ ಬ್ಯಾಡ." ಹೆಗಲ ಮೇಲಿನ ನನ್ನ ಟವೆಲ್ಲನ್ನು ಎಳೆದಳು, ನನ್ನ ಬಲಗೈಯ ಮೇಲೆ ಮುಚ್ಚಿದಳು, ಕೆಳಗಿನಿಂದ ತನ್ನ ಅಂಗೈ ತಂದಿಟ್ಟಳು. "ಇದರ ಕೆಳಗ ಹೇಳ್ರಿ. ಲೆಕ್ಕ ಯಾವುದು?"

ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಹೆಂಗಸು ಒಮ್ಮೆಯೂ ಟವೆಲ್ಲಿನ ಕೆಳಗೆ ಕೈ ಇಟ್ಟವಳಲ್ಲ. ಅಂಗೈ ರೊಟ್ಟಿಯ ಹಂಚಿನಂತೆ ಬೆಚ್ಚಗಿತ್ತು.

"ಹತ್ತು ಸಾವಿರದ ಲೆಕ್ಕ" ಅಂದೆ.

ಬರೆಯುತ್ತಿದ್ದ ಪೆನ್ನು ಕೈಯಲ್ಲೇ ಇತ್ತು. ನಾಲ್ಕೂ ಬೆರಳು ಪೆನ್ನಿನ ಮೇಲೆ. ಬಿಡುವಾಗಿದ್ದದ್ದು ಕೊನೆಯ ಒಂದೇ ಬೆರಳು, ಅದನ್ನೇ ಒತ್ತಿದೆ.

ಅವಳು ಅಂಗೈಯನ್ನು ಇನ್ನೂ ಮೇಲಕ್ಕೆ ಒತ್ತಿ ಹಿಡಿದಳು.

"ಮತ್ತೊಮ್ಮೆ ಒತ್ರಿ."

ಒತ್ತಿದೆ. ಎಷ್ಟು ಸಲ ಒತ್ತಿದರೂ ಕಳೆದದ್ದು ಅಷ್ಟೇ.

"ಇನ್ನೊಮ್ಮೆ. ಜೋರಾಗಿ."

ಜೋರಾಗಿ ಒತ್ತಿದೆ. ಟವೆಲ್ ಕಿತ್ತು ಎಸೆದಳು, ನನ್ನ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳಲು ಶುರು ಮಾಡಿದಳು. ನಡುನಡುವೆ ನಗು ಬೇರೆ. "ನಾಳೆ ಮದಲ್ನೇ ಬಸ್ಸಿಗೆ ರೋಣಕ್ಕ ಹೋಗೂಣು. ನಾಹೀದಗ ತೋರಸಬೇಕು" ಅನ್ನುತ್ತಾಳೆ. ಮನೆಯ ದುಡ್ಡು ಹೋದದ್ದನ್ನು ಆ ಹುಡುಗಿಗೆ ತೋರಿಸಿ ಏನು ಮಾಡುತ್ತಾಳೋ. ಹೆಂಗಸರು ದುಡ್ಡಿಗೆ ಭಾಳ ಅಳುತ್ತಾರೆ.

ಟವೆಲ್ಲಿನ ಕೆಳಗೆ ಹೇಳಿದ ಮೇಲೆ ಇಲ್ಲಿ ಬಚ್ಚಿಟ್ಟು ಫಲವಿಲ್ಲ. ನೂರಾ ಇಪ್ಪತ್ತು ಅಲ್ಲ, ಐನೂರು ಅಲ್ಲ, ಎರಡು ಸಾವಿರವೂ ಅಲ್ಲ. ಗಜೇಂದ್ರಗಡದ ಸಂತೆಯಲ್ಲಿ ನಾನು ಕಳೆದದ್ದು ಹತ್ತು ಸಾವಿರ ರೂಪಾಯಿ.